ಕಾನ್ವೆಂಟಿಗೆ ಸೇರುವುದೆಂದರೆ: ಕಥೋಲಿಕ ಸಂಘಗಳ ಹೊಸಬರ ದೀರ್ಘ ದಾರಿ

ಹುಡುಗಿಯೊಬ್ಬಳು ಪಿಯುಸಿ ಮುಗಿಸಿ, ಬಟ್ಟೆಬರೆ ಕಟ್ಟಿಕೊಂಡು ಕಾನ್ವೆಂಟಿಗೆ ಹೋದಳೆಂದರೆ ಊರವರ ಬಾಯಲ್ಲಿ ಆಕೆ ಅಂದಿನಿಂದಲೇ ‘ಸಿಸ್ಟರ್’. ಕಥೋಲಿಕ ಧರ್ಮಸಭೆಯ ಲೆಕ್ಕ ಬೇರೆ. ಆ ದಿನ ಆಕೆ ಸಂಘದ ಸದಸ್ಯೆಯಲ್ಲ, ಯಾವ ವ್ರತಕ್ಕೂ ಬದ್ಧಳಲ್ಲ, ಮರುದಿನ ಬೆಳಿಗ್ಗೆ ಬಸ್ಸು ಹತ್ತಿ ಮನೆಗೆ ಮರಳಿದರೂ ಯಾರ ಅನುಮತಿಯೂ ಬೇಕಿಲ್ಲ. ಅಲ್ಲಿಂದ ಆಜೀವ ವ್ರತದವರೆಗೆ ಸಾಮಾನ್ಯವಾಗಿ ಎಂಟರಿಂದ ಹತ್ತು ವರ್ಷ ಹಿಡಿಯುತ್ತದೆ. ಈ ವರ್ಷಗಳಲ್ಲಿ ಸಂಘ ಅಭ್ಯರ್ಥಿಯನ್ನು ಪರೀಕ್ಷಿಸುತ್ತದೆ, ಅಭ್ಯರ್ಥಿ ಸಂಘವನ್ನು ಪರೀಕ್ಷಿಸುತ್ತಾಳೆ. ಧರ್ಮಸಭೆಯ ಕಾನೂನನ್ನು ಓದಿದವರಿಗೆ ಒಂದು ಮಾತು ಸ್ಪಷ್ಟವಾಗುತ್ತದೆ: ಅದರ ಕಾಳಜಿ ಜನರನ್ನು ಒಳಗೆ ಸೆಳೆಯುವುದಕ್ಕಿಂತ, ಅವಸರದಲ್ಲಿ ಬಂದವರನ್ನು ನಿಧಾನಿಸುವುದರಲ್ಲೇ ಹೆಚ್ಚು.

ಪಾದ್ರಿಗಳೆಲ್ಲ ಸಂಘದವರಲ್ಲ

ಮೊದಲು ಒಂದು ಗೊಂದಲ ಬಿಡಿಸಬೇಕು. ನಮ್ಮ ಚರ್ಚುಗಳಲ್ಲಿ ಕಾಣುವ ಗುರುಗಳಲ್ಲಿ ಹಲವರು ಯಾವ ಸಂಘಕ್ಕೂ ಸೇರಿದವರಲ್ಲ. ಅವರು ಧರ್ಮಪ್ರಾಂತದ ಗುರುಗಳು. ಬಿಷಪರಿಗೆ ವಿಧೇಯರಾಗಿರುವ, ಅವಿವಾಹಿತರಾಗಿ ಉಳಿಯುವ ಮಾತು ಕೊಟ್ಟಿರುತ್ತಾರೆ, ಆದರೆ ಬಡತನದ ವ್ರತ ಅವರಿಗಿಲ್ಲ. ಅವರು ತರಬೇತಾಗುವುದು ಸೆಮಿನರಿಯಲ್ಲಿ. ಮಂಗಳೂರಿನ ಜೆಪ್ಪುವಿನಲ್ಲಿರುವ, 1879ರಲ್ಲಿ ಶುರುವಾದ ಸಂತ ಜೋಸೆಫರ ಸೆಮಿನರಿ ಇದಕ್ಕೆ ಹತ್ತಿರದ ಉದಾಹರಣೆ.

ಸಂಘದವರ ಕತೆ ಬೇರೆ. ಜೆಸ್ವಿಟರು, ಕಪುಚಿನ್ನರು, ಕಾರ್ಮೆಲಿಗಳು, ಬೆನೆಡಿಕ್ಟಿನ್ನರು ಮುಂತಾದವರು ಒಟ್ಟಾಗಿ ಬಾಳುತ್ತಾರೆ ಮತ್ತು ಮೂರು ವ್ರತ ತೊಡುತ್ತಾರೆ: ಬಡತನ, ಬ್ರಹ್ಮಚರ್ಯ, ವಿಧೇಯತೆ. ಪುರುಷರಲ್ಲಿ ಗುರುದೀಕ್ಷೆ ಪಡೆದವರೂ ಇದ್ದಾರೆ, ದೀಕ್ಷೆಯಿಲ್ಲದೆ ಆಯುಷ್ಯವಿಡೀ ‘ಬ್ರದರ್’ ಆಗಿಯೇ ಉಳಿಯುವವರೂ ಇದ್ದಾರೆ. ಮಹಿಳೆಯರಲ್ಲೂ ಎರಡು ಬಗೆ. ಶಾಲೆ, ಆಸ್ಪತ್ರೆ, ಅನಾಥಾಶ್ರಮಗಳಲ್ಲಿ ದುಡಿಯುವ ಧರ್ಮಭಗಿನಿಯರು ಒಂದು ಕಡೆ. ಮಠದ ಗೋಡೆ ದಾಟದೆ ಪ್ರಾರ್ಥನೆಯಲ್ಲೇ ಬದುಕು ಕಳೆಯುವ ಏಕಾಂತವಾಸಿನಿಯರು ಇನ್ನೊಂದು ಕಡೆ.

ಕರಾವಳಿಯಲ್ಲಿ ಈ ಎರಡೂ ಬಗೆಯವರು ಇದ್ದಾರೆ. ಮಂಗಳೂರಿನಲ್ಲೇ ಹುಟ್ಟಿದ ಸಂಘಗಳೂ ಉಂಟು. ಜೆಸ್ವಿಟ್ ಗುರು ಅರ್ಬನ್ ಸ್ಟೈನ್ 1887ರಲ್ಲಿ ಆರಂಭಿಸಿದ ಉರ್ಸುಲೈನ್ ಫ್ರಾನ್ಸಿಸ್ಕನ್ ಭಗಿನಿಯರ ಸಂಘ ಒಂದು. ಮೊನ್ಸಿಞೊರ್ ರೇಮಂಡ್ ಮಸ್ಕರೇನ್ಹಸ್ 1921ರಲ್ಲಿ ಬೆಂದೂರಿನಲ್ಲಿ ಕಟ್ಟಿದ ಬೆಥನಿ ಭಗಿನಿಯರ ಸಂಘ ಮತ್ತೊಂದು. ಬೆಂಗಳೂರಿನಲ್ಲಂತೂ ಧರ್ಮಾರಾಮ್ ಕಾಲೇಜಿನ ಸುತ್ತಮುತ್ತ ದೇಶದ ಮೂಲೆಮೂಲೆಗಳ ಸಂಘಗಳು ತಮ್ಮ ಹೊಸಬರಿಗಾಗಿ ತೆರೆದ ಮನೆಗಳು ಸಾಲುಗಟ್ಟಿವೆ.

ಬಾಗಿಲಲ್ಲಿ ಕಾಯಿಸುವ ಪದ್ಧತಿ

ಹೊಸಬರನ್ನು ಕಾಯಿಸುವ ಪದ್ಧತಿ ಆರನೇ ಶತಮಾನದಷ್ಟು ಹಳೆಯದು. ಇಟಲಿಯ ಮೊಂತೆ ಕಸಿನೊ ಮಠದ ಸಂತ ಬೆನೆಡಿಕ್ಟ್ ತನ್ನ ನಿಯಮಾವಳಿಯ 58ನೇ ಅಧ್ಯಾಯವನ್ನು ಇದಕ್ಕಾಗಿಯೇ ಮೀಸಲಿಟ್ಟ. ಮಠ ಸೇರಲು ಬಂದವನಿಗೆ ಸುಲಭವಾಗಿ ಬಾಗಿಲು ತೆರೆಯಕೂಡದು. ನಾಲ್ಕೈದು ದಿನ ಬಾಗಿಲು ತಟ್ಟುತ್ತಲೇ ಇದ್ದು, ಗದರಿಸಿದರೂ ಕದಲದಿದ್ದರೆ ಮಾತ್ರ ಅತಿಥಿಗಳ ಕೋಣೆಗೆ ಕರೆದುಕೊಳ್ಳಬೇಕು. ಆಮೇಲೆ ಹೊಸಬರ ಮನೆಯಲ್ಲಿ ಅನುಭವಿ ಹಿರಿಯನೊಬ್ಬನ ಕಣ್ಗಾವಲು. ಎರಡು ತಿಂಗಳಾದಾಗ ಇಡೀ ನಿಯಮಾವಳಿಯನ್ನು ಓದಿ ಹೇಳುವುದು. ಒಪ್ಪಿದರೆ ಇನ್ನಾರು ತಿಂಗಳ ಬಳಿಕ ಮತ್ತೆ ಓದುವುದು. ಮತ್ತೆ ನಾಲ್ಕು ತಿಂಗಳಾದ ಮೇಲೆ ಮೂರನೆಯ ಸಲ. ಹೀಗೆ ಒಂದು ವರ್ಷ ತುಂಬಿದ ಮೇಲೆ ಅವನು ತನ್ನ ವಚನಪತ್ರವನ್ನು ಕೈಯಾರೆ ಬರೆದು ಪೀಠದ ಮೇಲೆ ಇಡುತ್ತಾನೆ.

ಇಲ್ಲೊಂದು ಸಣ್ಣ ವಿವರ ನನಗೆ ಬಹಳ ಹಿಡಿಸುತ್ತದೆ. ಹೊಸಬ ಮಠದ ಉಡುಪು ತೊಟ್ಟಾಗ, ಅವನು ಮನೆಯಿಂದ ಧರಿಸಿ ಬಂದ ಬಟ್ಟೆಯನ್ನು ಎಸೆಯಬಾರದು, ಮಠದ ಉಗ್ರಾಣದಲ್ಲಿ ಜೋಪಾನವಾಗಿ ಇಡಬೇಕು ಎಂದು ಬೆನೆಡಿಕ್ಟ್ ಬರೆದ. ಮುಂದೊಂದು ದಿನ ಅವನು ಮಠ ಬಿಡುವುದಾದರೆ ಉಡಲು ಬೇಕಲ್ಲ. ವ್ರತ ತೊಟ್ಟವನೂ ಬಿಟ್ಟುಹೋಗಬಹುದೆಂಬ ಲೋಕಜ್ಞಾನ ಆ ಕಾಲಕ್ಕೇ ಇತ್ತು.

ಆದರೆ ಎಲ್ಲರೂ ಸ್ವಂತ ಮನಸ್ಸಿನಿಂದ ಬರುತ್ತಿರಲಿಲ್ಲ. ತಂದೆತಾಯಿ ಎಳೆಯ ಮಕ್ಕಳನ್ನು ಮಠಕ್ಕೆ ಒಪ್ಪಿಸುವ ರೂಢಿಯೂ ಇತ್ತು. ಬೆನೆಡಿಕ್ಟನ ನಿಯಮಾವಳಿಯೇ ಮುಂದಿನ ಅಧ್ಯಾಯದಲ್ಲಿ ಅದರ ವಿಧಿ ಹೇಳುತ್ತದೆ. ಇಂಗ್ಲೆಂಡಿನ ಇತಿಹಾಸಕಾರ ಸಂತ ಬೀಡ್ ಮಠ ಸೇರಿದಾಗ ಏಳು ವರ್ಷದ ಬಾಲಕ. ಮುಂದೆ ಯುರೋಪಿನ ಶ್ರೀಮಂತ ಮನೆತನಗಳು, ಮದುವೆಗೆ ವರದಕ್ಷಿಣೆ ಹೊಂದಿಸಲಾಗದ ಹೆಣ್ಣುಮಕ್ಕಳನ್ನು ಅದಕ್ಕಿಂತ ಕಡಿಮೆ ಮೊತ್ತ ಕೊಟ್ಟು ಕಾನ್ವೆಂಟಿಗೆ ಕಳುಹಿಸಿದವು. ಹೌದು, ಕಾನ್ವೆಂಟಿಗೂ ವರದಕ್ಷಿಣೆ ಇತ್ತು.

ಇದಕ್ಕೆ ಕಡಿವಾಣ ಬಿದ್ದದ್ದು ಹಂತಹಂತವಾಗಿ. ಅಸಿಸಿಯ ಫ್ರಾನ್ಸಿಸನ ಸಹೋದರರ ಬಳಗ ಹಿಡಿತ ಮೀರಿ ಬೆಳೆದಾಗ, 1220ರ ಸೆಪ್ಟೆಂಬರಿನಲ್ಲಿ ಪೋಪ್ ಮೂರನೇ ಹೊನೊರಿಯಸ್ ಆ ಸಂಘಕ್ಕೆ ಒಂದು ವರ್ಷದ ಪರೀಕ್ಷಾಕಾಲವನ್ನು ಕಡ್ಡಾಯ ಮಾಡಿದರು. 1563ರ ಡಿಸೆಂಬರಿನಲ್ಲಿ ಟ್ರೆಂಟ್ ಮಹಾಸಭೆ ಅದನ್ನು ಎಲ್ಲ ಸಂಘಗಳಿಗೂ ವಿಸ್ತರಿಸಿ, 16 ವರ್ಷ ತುಂಬದೆ ಯಾರೂ ವ್ರತ ತೊಡಕೂಡದೆಂದಿತು. ಹುಡುಗಿ ಸ್ವಇಚ್ಛೆಯಿಂದ ಬಂದಿದ್ದಾಳೆಯೇ ಎಂದು ಬಿಷಪರು ವಿಚಾರಿಸಿ ತಿಳಿಯಬೇಕು, ಬಲವಂತವಾಗಿ ಕಾನ್ವೆಂಟಿಗೆ ದಬ್ಬಿದವರು ಬಹಿಷ್ಕಾರಕ್ಕೆ ಗುರಿಯಾಗುತ್ತಾರೆ ಎಂದೂ ವಿಧಿಸಿತು. ನಿಯಮ ಬಂದ ಮಾತ್ರಕ್ಕೆ ಒತ್ತಾಯ ನಿಲ್ಲಲಿಲ್ಲ ಎನ್ನುವುದು ಬೇರೆ ಮಾತು.

ಈಗಿನ ಕಾನೂನು ಏನು ಹೇಳುತ್ತದೆ

ಇಂದು ಜಾರಿಯಲ್ಲಿರುವುದು 1983ರ ಧರ್ಮಸಭಾ ಕಾನೂನು ಸಂಹಿತೆ. 1917ರ ಹಳೆಯ ಸಂಹಿತೆಯಲ್ಲಿ ನೋವಿಶಿಯೇಟ್, ಅಂದರೆ ಹೊಸಬರ ಪರೀಕ್ಷಾಕಾಲದ ಪ್ರವೇಶಕ್ಕೆ 15 ವರ್ಷ ತುಂಬಿದ್ದರೆ ಸಾಕಿತ್ತು. ಈಗ 17 ತುಂಬಿರಲೇಬೇಕು. ಇಲ್ಲದಿದ್ದರೆ ಪ್ರವೇಶವೇ ಅಸಿಂಧು. ಮದುವೆಯಾಗಿ ಆ ಬಂಧ ಇನ್ನೂ ಉಳಿದಿರುವವರು, ಬೇರೊಂದು ಸಂಘಕ್ಕೆ ಬದ್ಧರಾಗಿರುವವರು ಅಥವಾ ಹಿಂದೆ ಬೇರೆ ಸಂಘದಲ್ಲಿದ್ದದ್ದನ್ನು ಮುಚ್ಚಿಟ್ಟವರು ಸೇರಲಾಗದು. ಬಲವಂತ, ಬೆದರಿಕೆ, ವಂಚನೆಯಿಂದ ನಡೆದ ಪ್ರವೇಶಕ್ಕೂ ಬೆಲೆಯಿಲ್ಲ. ತೀರಿಸಲಾಗದ ಸಾಲ ಹೊತ್ತವರನ್ನು ಸೇರಿಸಿಕೊಳ್ಳಬಾರದು ಎಂಬ ವಿಧಿಯೂ ಇದೆ. ಸಾಲ ಕೊಟ್ಟವರಿಂದ ತಪ್ಪಿಸಿಕೊಳ್ಳಲು ಕಾವಿ ತೊಡುವವರ ಕತೆ ನಮಗೂ ಹೊಸದಲ್ಲವಾದ್ದರಿಂದ ಈ ವಿಧಿಯ ಹಿನ್ನೆಲೆಯನ್ನು ವಿವರಿಸಬೇಕಾಗಿಲ್ಲ.

ಇನ್ನು ಬೇಕಾದ ಅರ್ಹತೆ: ಆರೋಗ್ಯ, ಸಂಘದ ಬಾಳಿಗೆ ಹೊಂದುವ ಸ್ವಭಾವ, ತಕ್ಕಷ್ಟು ಪ್ರೌಢತೆ. ಬೇಕಿದ್ದರೆ ಮನಃಶಾಸ್ತ್ರಜ್ಞರ ನೆರವು ಪಡೆಯಬಹುದು, ಆದರೆ ಅಭ್ಯರ್ಥಿಯ ಖಾಸಗಿತನಕ್ಕೆ ಧಕ್ಕೆ ತರುವಂತಿಲ್ಲ. ದಾಖಲೆಗಳಲ್ಲಿ ಜ್ಞಾನಸ್ನಾನ ಮತ್ತು ದೃಢೀಕರಣದ ಪ್ರಮಾಣಪತ್ರ, ಅವಿವಾಹಿತ ಸ್ಥಿತಿಯ ರುಜುವಾತು ಕಡ್ಡಾಯ. ಇದರ ಮೇಲೆ ಊರಿನ ಗುರುಗಳ ಪತ್ರ, ವೈದ್ಯಕೀಯ ತಪಾಸಣೆಯ ವರದಿ, ಅಂಕಪಟ್ಟಿಗಳನ್ನು ಸಂಘಗಳು ಕೇಳುತ್ತವೆ.

ಮೊದಲ ಮೆಟ್ಟಿಲುಗಳು

ಶುರುವಾಗುವುದು ಸಾಮಾನ್ಯವಾಗಿ ‘ಬಂದು ನೋಡಿ’ ಎಂಬ ಶಿಬಿರದಿಂದ. ಬೇಸಿಗೆ ರಜೆಯಲ್ಲಿ ನಾಲ್ಕಾರು ದಿನ ಕಾನ್ವೆಂಟಿನಲ್ಲಿದ್ದು ಅಲ್ಲಿನ ದಿನಚರಿ ನೋಡುವುದು. ಭಗಿನಿಯರು ಧರ್ಮಕೇಂದ್ರಗಳಿಗೆ ಬಂದು, ಭಾನುವಾರದ ಬಲಿಪೂಜೆಯ ನಂತರ ಹುಡುಗಿಯರೊಂದಿಗೆ ಮಾತನಾಡಿ, ವಿಳಾಸ ಬರೆದುಕೊಂಡು ಹೋಗುವುದು ಕರಾವಳಿಯಲ್ಲಿ ಹಳೆಯ ರೂಢಿ. ‘ದೈವಕರೆ’ ಎಂಬ ಮಾತು ಆಗಲೇ ಹುಡುಗಿಯ ಕಿವಿಗೆ ಬೀಳುತ್ತದೆ.

ಆಮೇಲೆ ಆಸ್ಪಿರೆಂಟ್ ಅಥವಾ ಕ್ಯಾಂಡಿಡೇಟ್ ಎಂಬ ಹಂತ. ಹಲವು ಕಡೆ ಈ ಕಾಲದಲ್ಲೇ ಹುಡುಗಿಯರು ಪಿಯುಸಿಯನ್ನೋ ಪದವಿಯನ್ನೋ ಮುಗಿಸುತ್ತಾರೆ, ಇಂಗ್ಲಿಷ್ ಕಲಿಯುತ್ತಾರೆ, ಪಿಯಾನೊ ಅಥವಾ ಗಿಟಾರ್ ಹಿಡಿಯುತ್ತಾರೆ, ಹೊರರಾಜ್ಯದವರಾದರೆ ಕನ್ನಡವನ್ನೂ ಕಲಿಯುತ್ತಾರೆ. ಅದರ ನಂತರ ಪೋಸ್ಟುಲೆಂಟ್. ಆರು ತಿಂಗಳಿಂದ ಎರಡು ವರ್ಷದವರೆಗೆ ಆಯಾ ಸಂಘದ ಸಂವಿಧಾನದಂತೆ ನಡೆಯುತ್ತದೆ. ಉಡುಪು ಮನೆಯದ್ದೇ, ಅಥವಾ ಎಲ್ಲರಿಗೂ ಒಂದೇ ಬಣ್ಣದ ಚೂಡಿದಾರ. ಸಂಘಕ್ಕೆ ಅರ್ಜಿ ಬರೆದು ‘ನನ್ನನ್ನು ನೋವಿಶಿಯೇಟಿಗೆ ಸೇರಿಸಿಕೊಳ್ಳಿ’ ಎಂದು ಕೇಳಬೇಕಾದದ್ದು ಈ ಹಂತದ ಕೊನೆಗೆ.

ಏಕಾಂತ ಮಠಗಳಲ್ಲಿ ಕಾಲಾವಧಿ ಇನ್ನೂ ಉದ್ದ. ವ್ಯಾಟಿಕನ್ 2018ರಲ್ಲಿ ಹೊರಡಿಸಿದ ‘ಕೊರ್ ಒರಾನ್ಸ್’ ಎಂಬ ಸೂಚನೆಯಂತೆ ಅಲ್ಲಿನ ಆರಂಭಿಕ ತರಬೇತಿ ಒಂಬತ್ತು ವರ್ಷಕ್ಕೆ ಕಡಿಮೆಯಿಲ್ಲ, ಹನ್ನೆರಡನ್ನು ಮೀರುವಂತಿಲ್ಲ.

ನೋವಿಶಿಯೇಟ್

ಇಡೀ ವ್ಯವಸ್ಥೆಯ ನಡುಗಂಬ ಇದೇ. ಕಾನೂನಿನ ಪ್ರಕಾರ ಸಂಘಜೀವನ ಆರಂಭವಾಗುವುದೂ ಇಲ್ಲಿಂದಲೇ. ಕನಿಷ್ಠ 12 ತಿಂಗಳು, ಗರಿಷ್ಠ ಎರಡು ವರ್ಷ. ಸಂಶಯ ಉಳಿದರೆ ಇನ್ನಾರು ತಿಂಗಳು ವಿಸ್ತರಿಸಬಹುದು. ಆ 12 ತಿಂಗಳನ್ನು ನೋವಿಶಿಯೇಟಿನ ಮನೆಯಲ್ಲಿಯೇ ಕಳೆಯಬೇಕು. ಮೂರು ತಿಂಗಳಿಗಿಂತ ಹೆಚ್ಚು ಗೈರುಹಾಜರಾದರೆ ನೋವಿಶಿಯೇಟೇ ರದ್ದು. ಹದಿನೈದು ದಿನ ಮೀರಿದ ಗೈರುಹಾಜರಿಯನ್ನು ಆಮೇಲೆ ತುಂಬಿಕೊಡಬೇಕು. ಸುಗ್ಗಿಗೋ ಅಕ್ಕನ ಮದುವೆಗೋ ಮನೆಗೆ ಹೋಗಿ ಬರುವ ಪ್ರಶ್ನೆ ಬಂದಾಗ ಹೊಸಬರ ಹೊಣೆ ಹೊತ್ತ ನೋವಿಸ್ ಮಿಸ್ಟ್ರೆಸ್ ಕ್ಯಾಲೆಂಡರು ನೋಡುವುದು ಇದಕ್ಕೇ.

ಈ ಅವಧಿಯಲ್ಲಿ ಕಾಲೇಜು ಓದು, ಶಾಲೆಯ ಪಾಠ, ಆಸ್ಪತ್ರೆಯ ಪಾಳಿಯಂಥ ಕೆಲಸಗಳನ್ನು ನೋವಿಸರ ಮೇಲೆ ಹೇರಬಾರದು, ತರಬೇತಿಗೆ ನೇರ ಸಂಬಂಧವಿದ್ದರೆ ಮಾತ್ರ ಸರಿ. ಅಗ್ಗದ ದುಡಿಮೆಗೆ ಹೊಸಬರನ್ನು ಬಳಸಿಕೊಳ್ಳುವ ಆಸೆಗೆ ಹಾಕಿದ ಬೇಲಿ ಇದು. ಬೇಲಿ ಎಲ್ಲ ಕಡೆಯೂ ಗಟ್ಟಿಯಾಗಿಲ್ಲ ಎಂದು ಒಳಗಿದ್ದು ಬಂದವರೇ ಹೇಳುತ್ತಾರೆ.

ದಿನಚರಿ ಮನೆಯಿಂದ ಮನೆಗೆ ಬೇರೆಯಾದರೂ ಅಚ್ಚು ಒಂದೇ. ನಸುಕಿನಲ್ಲಿ ಗಂಟೆ. ಧ್ಯಾನ, ಬೆಳಗಿನ ಪ್ರಾರ್ಥನೆ, ಬಲಿಪೂಜೆ. ಗುಡಿಸಿ ಒರೆಸುವುದು, ಅಡುಗೆಮನೆ, ತೋಟ, ದನದ ಕೊಟ್ಟಿಗೆಯಿದ್ದರೆ ಅದೂ. ಮಧ್ಯೆ ತರಗತಿಗಳು: ಬೈಬಲ್, ಸಂಘದ ಸಂಸ್ಥಾಪಕರ ಬದುಕು, ಸಂವಿಧಾನ, ವ್ರತಗಳ ಅರ್ಥ. ಸಂಜೆ ಜಪಮಾಲೆ, ಒಂದಿಷ್ಟು ಆಟ, ರಾತ್ರಿ ಪ್ರಾರ್ಥನೆ, ಅಲ್ಲಿಂದ ಬೆಳಗಿನವರೆಗೆ ಮೌನ. ಮೊಬೈಲು ಹೆಚ್ಚಿನ ಕಡೆ ಕೈಯಲ್ಲಿರುವುದಿಲ್ಲ. ಹೊರಗಿನಿಂದ ನೋಡುವವರಿಗೆ ಕಷ್ಟವೆನಿಸುವುದು ಮುಂಜಾನೆಯ ಗಂಟೆ. ನೋವಿಸರನ್ನು ನಿಜಕ್ಕೂ ಕಾಡುವುದು ಜೊತೆಗಿರುವವರು. ತಾನು ಆರಿಸಿಕೊಳ್ಳದ ಹತ್ತು ಜನರ ಜೊತೆ ಒಂದೇ ಮೇಜಿನಲ್ಲಿ ಉಣ್ಣುವುದು, ಒಬ್ಬಳ ಕೆಮ್ಮು, ಇನ್ನೊಬ್ಬಳ ಹಟ, ಮತ್ತೊಬ್ಬಳ ಭಾಷೆ.

ಜೆಸ್ವಿಟರದ್ದು ಬೇರೆಯೇ ದಾರಿ. ಅವರ ನೋವಿಶಿಯೇಟ್ ಎರಡು ವರ್ಷ. ಸಂಸ್ಥಾಪಕ ಇಗ್ನೇಶಿಯಸ್ ಲೊಯೋಲ ಅದರಲ್ಲಿ ಕೆಲವು ಪರೀಕ್ಷೆಗಳನ್ನು ಸೇರಿಸಿದ್ದ: ಮೂವತ್ತು ದಿನದ ಮೌನಧ್ಯಾನ, ಆಸ್ಪತ್ರೆಯಲ್ಲಿ ರೋಗಿಗಳ ಸೇವೆ, ಮನೆಯ ಕೀಳೆನಿಸುವ ಕೆಲಸಗಳು, ಮಕ್ಕಳಿಗೆ ಧರ್ಮಬೋಧೆ, ಕೈಯಲ್ಲಿ ಕಾಸಿಲ್ಲದೆ ಬೇಡಿಕೊಂಡು ಹೋಗುವ ಯಾತ್ರೆ. ಜೆಸ್ವಿಟರ ಇನ್ನೊಂದು ವಿಶೇಷವೆಂದರೆ, ಬೇರೆ ಸಂಘಗಳಲ್ಲಿ ತಾತ್ಕಾಲಿಕ ವ್ರತ ತೊಡುವ ಹೊತ್ತಿಗೆ ಇವರು ತೊಡುವ ಮೊದಲ ವ್ರತಗಳೇ ಆಜೀವದವು. ಅಂತಿಮ ವ್ರತಗಳಿಗೆ ಕರೆ ಬರುವುದು ಬಹಳ ವರ್ಷಗಳ ನಂತರ.

ಮಂಗಳೂರಿಗೆ ಬಂದ ನೋವಿಸ್: ಮರಿಯಂ ಬವಾರ್ದಿ

ಒಬ್ಬ ಅಭ್ಯರ್ಥಿಯನ್ನು ಸಂಘವೊಂದು ಹೇಗೆ ತೂಗಿ ನೋಡುತ್ತದೆ ಎಂಬುದಕ್ಕೆ ಮಂಗಳೂರಿನೊಂದಿಗೆ ನಂಟಿರುವ ಮರಿಯಂ ಬವಾರ್ದಿಯ ಬದುಕಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಆಕೆ ಹುಟ್ಟಿದ್ದು 1846ರಲ್ಲಿ ಗಲಿಲೇಯದ ಇಬಿಲ್ಲಿನ್ ಎಂಬ ಹಳ್ಳಿಯಲ್ಲಿ, ಅರಬ್ ಕ್ರೈಸ್ತ ಕುಟುಂಬದಲ್ಲಿ. ಎಳೆತನದಲ್ಲೇ ತಂದೆತಾಯಿಯನ್ನು ಕಳೆದುಕೊಂಡು ಚಿಕ್ಕಪ್ಪನ ಮನೆ ಸೇರಿದಳು. ಹದಿಮೂರರಲ್ಲಿ ಮದುವೆ ನಿಶ್ಚಯಿಸಿದಾಗ ಒಲ್ಲೆನೆಂದಳು. ಆಮೇಲೆ ಅಲೆಕ್ಸಾಂಡ್ರಿಯ, ಜೆರೂಸಲೇಮ್, ಬೈರೂತ್, ಕೊನೆಗೆ ಫ್ರಾನ್ಸಿನ ಮಾರ್ಸೇಲ್‌ನಲ್ಲಿ ಮನೆಗೆಲಸ. ಓದುಬರಹ ಬಾರದು ಎಂದೇ ಹೇಳಬಹುದು.

1865ರಲ್ಲಿ ಆಕೆ ಮಾರ್ಸೇಲ್‌ನಲ್ಲಿ ಸಂತ ಜೋಸೆಫರ ಭಗಿನಿಯರ ಸಂಘವೊಂದಕ್ಕೆ ಪೋಸ್ಟುಲೆಂಟ್ ಆಗಿ ಸೇರಿದಳು. ಆಕೆಗೆ ಭಾವಪರವಶತೆ ಬರುತ್ತಿತ್ತು, ಮೈಮೇಲೆ ಕ್ರಿಸ್ತನ ಗಾಯಗಳ ಗುರುತು ಮೂಡುತ್ತಿತ್ತು ಎಂದು ಜೊತೆಗಿದ್ದವರು ಬರೆದಿಟ್ಟಿದ್ದಾರೆ. ದುಡಿಯುವ ಸಂಘಕ್ಕೆ ಇದೆಲ್ಲ ತಲೆನೋವು. ಎರಡು ವರ್ಷದ ಬಳಿಕ ಭಗಿನಿಯರು ಮತ ಹಾಕಿ, ಈಕೆ ನಮ್ಮ ಸಂಘಕ್ಕೆ ಹೊಂದುವವಳಲ್ಲ ಎಂದು ತೀರ್ಮಾನಿಸಿದರು.

ಆಕೆಯ ಕೈಹಿಡಿದದ್ದು ಅದೇ ಮನೆಯಲ್ಲಿ ಹೊಸಬರನ್ನು ನೋಡಿಕೊಳ್ಳುತ್ತಿದ್ದ ಮದರ್ ವೆರೊನಿಕ. ಇವರ ಮೊದಲಿನ ಹೆಸರು ಸೋಫಿ ಲೀವ್ಸ್. ಕಾನ್‌ಸ್ಟಾಂಟಿನೋಪಲ್‌ನಲ್ಲಿ ಹುಟ್ಟಿದ ಇಂಗ್ಲಿಷ್ ಮನೆತನದವರು, ಆಂಗ್ಲಿಕನ್ ಪಂಥ ಬಿಟ್ಟು ಕಥೋಲಿಕರಾದವರು. ತಾವೇ ಆ ಸಂಘ ಬಿಟ್ಟು ಕಾರ್ಮೆಲ್ ಸೇರಲು ಹೊರಟಿದ್ದ ಅವರು ಮರಿಯಮಳನ್ನೂ ಜೊತೆಗೆ ಕರೆದುಕೊಂಡು 1867ರ ಜೂನಿನಲ್ಲಿ ಪೋ ಪಟ್ಟಣದ ಕಾರ್ಮೆಲ್ ಮಠದ ಬಾಗಿಲಿಗೆ ಬಂದರು. ಗುರುವೂ ಶಿಷ್ಯೆಯೂ ಒಂದೇ ಕಡೆ ಹೊಸಬರಾದರು. ಮುಂದಿನ ವರ್ಷವೇ ವೆರೊನಿಕ ಬಯೋನ್ ಪಟ್ಟಣದಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಂಘವನ್ನು ಸ್ಥಾಪಿಸಿದರು. 1870ರ ನವೆಂಬರಿನಲ್ಲಿ ಅದರ ಮೊದಲ ಭಗಿನಿಯರು ಮಂಗಳೂರಿಗೆ ಬಂದಿಳಿದರು. ಕರಾವಳಿಯ ಹೆಣ್ಣುಮಕ್ಕಳ ವಿದ್ಯಾಭ್ಯಾಸದ ಚರಿತ್ರೆಯಲ್ಲಿ ಸಂತ ಆ್ಯನ್ಸ್, 1921ರ ಸಂತ ಆ್ಯಗ್ನೆಸ್ ಕಾಲೇಜು ಮೊದಲಾದ ಹೆಸರುಗಳು ಬರುವುದು ಇವರಿಂದಲೇ.

ಅದೇ 1870ರಲ್ಲಿ ಮಂಗಳೂರಿನಲ್ಲಿ ಏಕಾಂತ ಕಾರ್ಮೆಲ್ ಮಠ ಕಟ್ಟಲು ಪೋ ಮಠದಿಂದ ಹೊರಟ ತಂಡದಲ್ಲಿ ಮರಿಯಂ ಇದ್ದಳು, ಇನ್ನೂ ನೋವಿಸ್ ಆಗಿ. ಆಗಸ್ಟಿನಲ್ಲಿ ಮಾರ್ಸೇಲ್ ಬಿಟ್ಟ ಆ ಪಯಣದಲ್ಲಿ ತಂಡದ ಮೂವರು ತೀರಿಕೊಂಡರು. ಮಂಗಳೂರಿನಲ್ಲಿ ಮರಿಯಂ ಅಡುಗೆಮನೆಯ, ಬಟ್ಟೆ ಒಗೆಯುವ, ಕಟ್ಟಿಗೆ ಹೊರುವ ಭಗಿನಿ. ಆಗಿನ ಮಠಗಳಲ್ಲಿ ಎರಡು ದರ್ಜೆ ಇತ್ತು: ಲ್ಯಾಟಿನ್ ಪ್ರಾರ್ಥನೆ ಹಾಡುವವರು ಮೇಲಿನವರು, ಮನೆಗೆಲಸದವರು ಕೆಳಗಿನವರು. ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಈ ಭೇದವನ್ನು ತೊಡೆಯಲು ಹೇಳುವವರೆಗೂ ಅದು ಉಳಿದಿತ್ತು.

1871ರ ನವೆಂಬರ್ 21ರಂದು ಮರಿಯಂ ಮಂಗಳೂರಿನಲ್ಲಿ ವ್ರತ ತೊಟ್ಟಳು. ಆದರೆ ಕಾಲ ಸುಗಮವಾಗಿ ಸಾಗಲಿಲ್ಲ. ಆಕೆಯ ಅನುಭವಗಳು ದೇವರಿಂದಲೋ ಭ್ರಮೆಯೋ ಎಂಬ ಅನುಮಾನ ಮೇಲಿನವರಲ್ಲಿ ಬಲಿಯಿತು. 1872ರಲ್ಲಿ ಆಕೆಯನ್ನು ಪೋಗೆ ವಾಪಸು ಕಳುಹಿಸಿದರು. 1875ರಲ್ಲಿ ಬೆತ್ಲೆಹೇಮಿಗೆ ಹೋಗಿ ಅಲ್ಲಿ ಕಾರ್ಮೆಲ್ ಮಠ ಕಟ್ಟಲು ದುಡಿದಳು. 1878ರಲ್ಲಿ ಕೆಲಸಗಾರರಿಗೆ ನೀರು ಒಯ್ಯುವಾಗ ಬಿದ್ದು, ಕೈ ಮುರಿದು, ಗಾಯ ಕೊಳೆತು ತೀರಿಕೊಂಡಳು. ಒಂದು ಸಂಘ ಬೇಡವೆಂದ, ಇನ್ನೊಂದು ಮಠ ಅನುಮಾನಿಸಿದ ಈ ಹೆಣ್ಣನ್ನು ಪೋಪ್ ಫ್ರಾನ್ಸಿಸ್ 2015ರ ಮೇ 17ರಂದು ಸಂತಳೆಂದು ಘೋಷಿಸಿದರು. ಮಾರ್ಸೇಲಿನ ಭಗಿನಿಯರು ತಪ್ಪು ಮಾಡಿದರೆಂದು ಇದರಿಂದ ಹೇಳಲಾಗದು. ಶಾಲೆ, ಆಸ್ಪತ್ರೆ ನಡೆಸುವ ತಮ್ಮ ಬಾಳಿಗೆ ಆಕೆ ಒಗ್ಗುವುದಿಲ್ಲವೆಂದು ಅವರು ಹೇಳಿದ್ದು ಸರಿಯೇ ಇತ್ತು.

ಮನೆಯವರ ಮಾತು

ಮಗ ಸನ್ಯಾಸಿಯಾಗುತ್ತೇನೆಂದರೆ ತಂದೆ ಸಿಟ್ಟಾಗುವುದು ಎಲ್ಲ ಧರ್ಮದ ಮನೆಗಳಲ್ಲೂ ಕಂಡದ್ದೇ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿಗೆ ಹೆಸರು ಕೊಟ್ಟ ಅಲೋಶಿಯಸ್ ಗೊನ್ಜಾಗ ಇಟಲಿಯ ಕಾಸ್ತಿಲ್ಯೋನೆ ಸಂಸ್ಥಾನದ ಹಿರಿಯ ಮಗ, ಪಟ್ಟಕ್ಕೆ ವಾರಸುದಾರ. ತಂದೆ ಫೆರ್ರಾಂತೆ ವರ್ಷಗಟ್ಟಲೆ ಒಪ್ಪಲಿಲ್ಲ. ಕೊನೆಗೆ 1585ರಲ್ಲಿ ಹದಿನೇಳರ ಹುಡುಗ ತನ್ನ ಹಕ್ಕನ್ನೆಲ್ಲ ತಮ್ಮ ರೊಡೊಲ್ಫೊನಿಗೆ ಬರೆದುಕೊಟ್ಟು ರೋಮಿನ ಜೆಸ್ವಿಟ್ ನೋವಿಶಿಯೇಟ್ ಸೇರಿದ. 1591ರಲ್ಲಿ ಸಾಂಕ್ರಾಮಿಕ ರೋಗಿಗಳ ಶುಶ್ರೂಷೆ ಮಾಡುತ್ತಾ ತಾನೂ ಅದಕ್ಕೆ ಬಲಿಯಾದ. ಕಾಲೇಜಿನ ಚಾಪೆಲಿನ ಚಾವಣಿಯ ಮೇಲೆ ಆತನ ಬದುಕಿನ ಚಿತ್ರಗಳಿವೆ. ಅವನ್ನು ಬರೆದ ಅಂತೋನಿಯೊ ಮೊಸ್ಕೇನಿ ಕೂಡ ತಡವಾಗಿ ಸಂಘ ಸೇರಿದವನೇ: ಇಟಲಿಯಲ್ಲಿ ಹೆಸರು ಮಾಡಿದ ಚಿತ್ರಕಾರ, 1889ರಲ್ಲಿ ಮೂವತ್ತೈದರ ಪ್ರಾಯದಲ್ಲಿ ಜೆಸ್ವಿಟ್ ಬ್ರದರ್ ಆದ.

ಇಂದು ಕಾನೂನಿನ ಪ್ರಕಾರ ಪ್ರಾಯಕ್ಕೆ ಬಂದವರಿಗೆ ಮನೆಯವರ ಒಪ್ಪಿಗೆ ಬೇಕಿಲ್ಲ. ಆದರೆ ಒಬ್ಬಳೇ ಮಗಳಿರುವ ಮನೆಯಲ್ಲಿ ಅಪ್ಪ ಅಮ್ಮನ ಮುಪ್ಪಿಗೆ ಯಾರು ಎಂಬ ಪ್ರಶ್ನೆಯನ್ನು ಸಂಘಗಳೂ ಕೇಳಿಯೇ ಕೇಳುತ್ತವೆ.

ವ್ರತ, ಆಸ್ತಿ, ಆದಾಯ ತೆರಿಗೆ

ನೋವಿಶಿಯೇಟ್ ಮುಗಿದು, 18 ತುಂಬಿದ್ದರೆ ಮೊದಲ ವ್ರತ. ಇದು ತಾತ್ಕಾಲಿಕ: ಮೂರು ವರ್ಷಕ್ಕೆ ಕಡಿಮೆಯಿಲ್ಲ, ಆರಕ್ಕೆ ಹೆಚ್ಚಿಲ್ಲ, ವಿಸ್ತರಿಸಿದರೂ ಒಟ್ಟು ಒಂಬತ್ತು ಮೀರಬಾರದು. ಆಜೀವ ವ್ರತಕ್ಕೆ 21 ವರ್ಷ ತುಂಬಿರಬೇಕು. ಆ ದಿನ ಚರ್ಚಿನಲ್ಲಿ ಅಭ್ಯರ್ಥಿ ನೆಲದ ಮೇಲೆ ಬೋರಲು ಮಲಗಿರುತ್ತಾಳೆ, ಸಭೆ ಸಂತರ ಸ್ತುತಿಮಾಲೆ ಹಾಡುತ್ತದೆ. ಎದ್ದು, ತನ್ನ ಕೈಬರಹದ ವ್ರತಪತ್ರ ಓದಿ ರುಜು ಹಾಕುತ್ತಾಳೆ. ಹಲವು ಸಂಘಗಳಲ್ಲಿ ಬೆರಳಿಗೆ ಉಂಗುರ ಬರುತ್ತದೆ. ಹಿಂದೆ ಉಡುಪು ಸ್ವೀಕರಿಸುವ ದಿನ ಹುಡುಗಿ ಮದುಮಗಳಂತೆ ಸಿಂಗರಿಸಿಕೊಂಡು ಬರುತ್ತಿದ್ದಳು. ಹದಿನೈದರಲ್ಲೇ ಕಾರ್ಮೆಲ್ ಸೇರಲು ಹಟ ಹಿಡಿದು, 1887ರಲ್ಲಿ ಪೋಪ್ ಹದಿಮೂರನೇ ಲಿಯೋ ಅವರ ಎದುರೇ ಬೇಡಿಕೊಂಡ ಲಿಸ್ಯೂವಿನ ತೆರೇಸ, 1889ರ ಜನವರಿಯಲ್ಲಿ ಬಿಳಿ ವೆಲ್ವೆಟ್ ಉಡುಪಿನಲ್ಲಿ ಬಂದದ್ದು ಹಾಗೆಯೇ. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಆ ಸಿಂಗಾರ ಹೋಯಿತು. ಹೆಸರು ಬದಲಿಸುವುದೂ ಬಹುತೇಕ ಕಡೆ ಕಡ್ಡಾಯವಾಗಿ ಉಳಿದಿಲ್ಲ.

ಆಸ್ತಿಯ ವಿಚಾರ ಜನರಿಗೆ ಅಷ್ಟಾಗಿ ತಿಳಿದಿಲ್ಲ. ಮೊದಲ ವ್ರತಕ್ಕೆ ಮುನ್ನ ಅಭ್ಯರ್ಥಿ ತನ್ನ ಆಸ್ತಿಯ ನಿರ್ವಹಣೆಯನ್ನು ಬೇರೆಯವರಿಗೆ ವಹಿಸಬೇಕು; ಒಡೆತನ ಬಿಡಬೇಕೆಂದಿಲ್ಲ. ಆಜೀವ ವ್ರತಕ್ಕೆ ಮೊದಲು ದೇಶದ ಕಾನೂನಿಗೆ ಒಪ್ಪುವಂತೆ ಉಯಿಲು ಬರೆದಿರಬೇಕು. ಮೊದಲ ವ್ರತದಿಂದಾಚೆ ಆಕೆ ದುಡಿದದ್ದೆಲ್ಲ ಸಂಘದ್ದು.

ಇದೇ ಅಂಶ ಭಾರತದ ನ್ಯಾಯಾಲಯಗಳನ್ನೂ ಮುಟ್ಟಿತು. ಸರ್ಕಾರಿ ಅನುದಾನಿತ ಶಾಲೆಯ ಶಿಕ್ಷಕಿಯಾದ ಭಗಿನಿಯ ಸಂಬಳ ಸಂಘಕ್ಕೆ ಹೋಗುತ್ತದೆ, ವ್ರತ ತೊಟ್ಟವಳು ನಾಗರಿಕ ಅರ್ಥದಲ್ಲಿ ಸತ್ತಂತೆ, ಆದ್ದರಿಂದ ತೆರಿಗೆ ಕಡಿಯಬಾರದು ಎಂಬುದು ತಮಿಳುನಾಡು, ಕೇರಳದ ಸಂಘಗಳ ವಾದವಾಗಿತ್ತು. ಬ್ರಿಟಿಷರ ಕಾಲದ 1944ರ ಸುತ್ತೋಲೆಯ ಬಲವೂ ಅದಕ್ಕಿತ್ತು. ಸುಪ್ರೀಂ ಕೋರ್ಟ್ 2024ರ ನವೆಂಬರ್ 7ರಂದು ಅದನ್ನು ಒಪ್ಪಲಿಲ್ಲ. ಸಂಬಳ ವ್ಯಕ್ತಿಯ ಹೆಸರಿಗೆ ಬಂದಮೇಲೆ ಅದು ಆಕೆಯ ಆದಾಯ, ಆಮೇಲೆ ಯಾರಿಗೆ ಕೊಟ್ಟರೂ ತೆರಿಗೆ ತಪ್ಪದು. ಇದು ಸರಿಯಾದ ತೀರ್ಪೆಂದೇ ನನ್ನ ಅನಿಸಿಕೆ. ನಾಗರಿಕಳಾಗಿ ಆಕೆ ಬದುಕಿದ್ದಾಳೆ ಎಂದು ದೇಶ ಒಪ್ಪುವುದು ಆಕೆಗೇ ಕ್ಷೇಮ.

ಈಗ ಬರುತ್ತಿರುವವರು ಯಾರು

ಜಗತ್ತಿನಲ್ಲಿ ಧರ್ಮಭಗಿನಿಯರ ಸಂಖ್ಯೆ 1970ರಲ್ಲಿ ಸುಮಾರು 10 ಲಕ್ಷ ಇತ್ತು. 2022ರ ಹೊತ್ತಿಗೆ 6 ಲಕ್ಷಕ್ಕಿಂತ ಕೆಳಗಿಳಿದಿತ್ತು. ಯುರೋಪು, ಅಮೆರಿಕದ ಎಷ್ಟೋ ಕಾನ್ವೆಂಟುಗಳು ಮಾರಾಟವಾಗಿವೆ. ಏಷ್ಯಾ, ಆಫ್ರಿಕಾಗಳು ಆ ಕುಸಿತವನ್ನು ಒಂದಿಷ್ಟು ತಡೆದಿವೆ. ಭಾರತದಲ್ಲೇ ಭಗಿನಿಯರು ಲಕ್ಷದ ಆಸುಪಾಸಿದ್ದಾರೆ.

ಭಾರತದೊಳಗೂ ನಕ್ಷೆ ಬದಲಾಗಿದೆ. ಒಂದು ಕಾಲಕ್ಕೆ ಕೇರಳ, ಮಂಗಳೂರು, ಗೋವೆಯ ಮನೆಗಳಿಂದ ಒಬ್ಬರಲ್ಲದಿದ್ದರೆ ಒಬ್ಬರು ಸಂಘ ಸೇರುತ್ತಿದ್ದರು. ಏಳೆಂಟು ಮಕ್ಕಳಿದ್ದ ಮನೆಗಳು ಈಗ ಒಂದೆರಡಕ್ಕೆ ನಿಂತಿವೆ. ಓದಿದ ಹುಡುಗಿಗೆ ನರ್ಸಿಂಗ್, ಐಟಿ, ಗಲ್ಫ್ ಎಲ್ಲವೂ ತೆರೆದಿವೆ; ಮೊದಲಿನಂತೆ ಕಾನ್ವೆಂಟೊಂದೇ ಹೆಣ್ಣು ಹೊರಲೋಕ ಕಾಣುವ ದಾರಿಯಾಗಿ ಉಳಿದಿಲ್ಲ. ಇವತ್ತು ಹೊಸಬರು ಹೆಚ್ಚಾಗಿ ಬರುತ್ತಿರುವುದು ಜಾರ್ಖಂಡ್, ಒಡಿಶಾ, ಛತ್ತೀಸಗಢ, ಈಶಾನ್ಯ ರಾಜ್ಯಗಳ ಆದಿವಾಸಿ ಮನೆಗಳಿಂದ. ಮಂಗಳೂರಿನ ನೋವಿಶಿಯೇಟಿನಲ್ಲಿ ಮೊದಲು ಕೇಳುತ್ತಿದ್ದ ಕೊಂಕಣಿಯ ಜಾಗಕ್ಕೆ ಹಿಂದಿ, ಸಾದ್ರಿ ಬರುವುದು ಇದರಿಂದಲೇ. ಜಾತಿಯ ಪ್ರಶ್ನೆಯೂ ಬಾಗಿಲಲ್ಲೇ ನಿಲ್ಲುವುದಿಲ್ಲ. ಸಭೆಯೊಳಗೆ ದಲಿತರ ಬಗ್ಗೆ ತಾರತಮ್ಯ ನಡೆದಿದೆ ಎಂದು ಭಾರತದ ಕಥೋಲಿಕ ಬಿಷಪರೇ 2016ರ ತಮ್ಮ ದಲಿತ ನೀತಿಯಲ್ಲಿ ಒಪ್ಪಿಕೊಂಡಿದ್ದಾರೆ.

ಜನ ಕಡಿಮೆಯಾದಾಗ ನಿಯಮ ಸಡಿಲಿಸುವ ಆಸೆ ಹುಟ್ಟುತ್ತದೆ. 1970ರಲ್ಲಿ ಕೇರಳದ ಹುಡುಗಿಯರನ್ನು ಯುರೋಪಿನ ಕಾನ್ವೆಂಟುಗಳಿಗೆ ಸಾಗಿಸುತ್ತಿದ್ದ ಬಗೆ ಲಂಡನ್ನಿನ ಪತ್ರಿಕೆಯಲ್ಲಿ ಬಂದು ದೊಡ್ಡ ಗದ್ದಲವಾಯಿತು. ಮಠ ಮುಚ್ಚದಿರಲಿ ಎಂಬ ಒಂದೇ ಕಾರಣಕ್ಕೆ ಬೇರೆ ದೇಶಗಳಿಂದ ಅಭ್ಯರ್ಥಿಗಳನ್ನು ತರಬಾರದು ಎಂದು ಪೋಪ್ ಫ್ರಾನ್ಸಿಸ್ 2016ರಲ್ಲಿ ಏಕಾಂತ ಮಠಗಳಿಗೆ ಖಂಡಿತವಾಗಿ ಹೇಳಬೇಕಾಗಿ ಬಂದದ್ದನ್ನು ನೋಡಿದರೆ, ರೋಗ ವಾಸಿಯಾಗಿರಲಿಲ್ಲ.

ಬಿಟ್ಟು ಬರುವವರು

ನೋವಿಸ್ ಯಾವಾಗ ಬೇಕಾದರೂ ಹೊರಡಬಹುದು. ತಾತ್ಕಾಲಿಕ ವ್ರತದ ಅವಧಿ ಮುಗಿದಾಗ ನವೀಕರಿಸದೆ ಮನೆಗೆ ಮರಳಬಹುದು. ಆಜೀವ ವ್ರತದ ನಂತರವೂ ಬಿಡುಗಡೆಗೆ ದಾರಿಯಿದೆ, ಅದು ಉದ್ದ ಅಷ್ಟೆ. ನೋವಿಶಿಯೇಟ್ ಮುಗಿಸಿ ನಿಯಮಬದ್ಧವಾಗಿ ಹೊರಟವರನ್ನು ಸಂಘ ಮುಂದೆ ಪುನಃ ಸೇರಿಸಿಕೊಳ್ಳಬಹುದು, ನೋವಿಶಿಯೇಟನ್ನು ಮತ್ತೆ ಮಾಡಬೇಕಿಲ್ಲ.

ಕಾನೂನು ಇಷ್ಟು ಉದಾರವಾಗಿದ್ದರೂ ಊರು ಹಾಗಿಲ್ಲ. ಕಾನ್ವೆಂಟಿನಿಂದ ಮರಳಿದ ಹುಡುಗಿಯ ಬೆನ್ನ ಹಿಂದೆ ‘ಏನೋ ಆಗಿರಬೇಕು’ ಎಂಬ ಮಾತು ಹಲವು ವರ್ಷ ಓಡಾಡುತ್ತದೆ. ಹತ್ತು ವರ್ಷ ಪರೀಕ್ಷಿಸಿ ನೋಡಿ ಎಂದು ಧರ್ಮಸಭೆಯೇ ಹೇಳಿರುವಾಗ, ಪರೀಕ್ಷಿಸಿ ಬೇಡವೆಂದವಳು ತಪ್ಪಿತಸ್ಥೆಯಾಗುವುದು ಹೇಗೆ?

ಹಣದ ಮಾತಿನಲ್ಲಿ ಕಾನೂನೇ ಕೈಕಟ್ಟಿ ನಿಲ್ಲುತ್ತದೆ. ಹೊರಟವರು ಸಂಘದಲ್ಲಿ ಮಾಡಿದ ದುಡಿಮೆಗೆ ಏನನ್ನೂ ಕೇಳುವಂತಿಲ್ಲ ಎನ್ನುತ್ತದೆ 702ನೇ ವಿಧಿ. ಸಂಘ ನ್ಯಾಯದಿಂದ, ಪ್ರೀತಿಯಿಂದ ನಡೆದುಕೊಳ್ಳಬೇಕೆಂದೂ ಸೇರಿಸುತ್ತದೆ. ‘ಕೇಳುವಂತಿಲ್ಲ’ ಎಂಬುದು ನಿಯಮ, ‘ಪ್ರೀತಿ’ ಸಂಘದ ಮರ್ಜಿ. ಈ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ದುರ್ಬಲವಾದ ಕೊಂಡಿ ಇದೇ. ಇಪ್ಪತ್ತು ವರ್ಷ ಶಾಲೆಯಲ್ಲಿ ಪಾಠ ಮಾಡಿ ನಲವತ್ತರಲ್ಲಿ ಹೊರಬಂದ ಹೆಣ್ಣಿಗೆ ಬ್ಯಾಂಕಿನಲ್ಲಿ ಉಳಿತಾಯವಿರುವುದಿಲ್ಲ, ತಲೆಯ ಮೇಲೆ ಸೂರೂ ಇರುವುದಿಲ್ಲ.

ಮಗಳನ್ನೋ ಮಗನನ್ನೋ ಸಂಘಕ್ಕೆ ಕಳುಹಿಸಲು ಹೊರಟಿರುವ ಮನೆಯವರು ಆಶೀರ್ವಾದದ ಜೊತೆಗೆ ನಾಲ್ಕು ಪ್ರಶ್ನೆಗಳನ್ನೂ ಕೇಳಬೇಕು. ಸಂಘದ ಸಂವಿಧಾನವನ್ನು ಓದಲು ಕೊಡುತ್ತೀರಾ? ಪದವಿ ಓದು ಯಾವಾಗ, ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟು ಯಾರ ಕೈಯಲ್ಲಿರುತ್ತವೆ? ಕಾಯಿಲೆ ಬಿದ್ದರೆ ಮನೆಯವರಿಗೆ ಯಾವಾಗ ತಿಳಿಸುತ್ತೀರಿ? ಬಿಟ್ಟು ಬರುವುದಾದರೆ ಏನು ಕೊಟ್ಟು ಕಳುಹಿಸುತ್ತೀರಿ? ಕೇಳುವುದರಲ್ಲಿ ಅಪನಂಬಿಕೆಯೇನೂ ಇಲ್ಲ. ಒಳ್ಳೆಯ ಸಂಘ ಇವಕ್ಕೆ ಮುಖ ಗಂಟಿಕ್ಕದೆ ಉತ್ತರಿಸುತ್ತದೆ. ಉತ್ತರಿಸಲು ಹಿಂಜರಿಯುವ ಕಡೆ ಮಕ್ಕಳನ್ನು ಕಳುಹಿಸಬೇಡಿ.